ಪಾದ್ರಿಯ ಹತ್ತು ನಿಮಿಷ

ಪ್ಯಾಂಟಿನ ಹಿಂಭಾಗಕ್ಕೆ ಹೆಂಡತಿ ಬ್ರಷ್ಷಿನಿಂದ ಎರಡೇಟು ಹಾಕಿದಳು. ಎದ್ದ ಬಿಳಿ ಪುಡಿ ಕಿಟಕಿಯ ಬಿಸಿಲಲ್ಲಿ ಕೆಳಗಿಳಿಯುವ ಅವಸರವೇ ಇಲ್ಲದೆ ನಿಂತುಕೊಂಡಿತ್ತು. ‘ದಿನಾ ಹನ್ನೊಂದಕ್ಕೆ ಪ್ರಾರ್ಥನೆ ಮಾಡ್ತೀನಿ ಅಂತೀರಿ. ಮೊಣಕಾಲು ಬೆಳ್ಳಗಾಗೋದು ಬಿಟ್ಟು ಕೂರೋ ಜಾಗ ಬೆಳ್ಳಗಾಗುತ್ತಲ್ಲ, ಇದ್ಯಾವ ಸೀಮೆ ಪ್ರಾರ್ಥನೆ ರೀ?’ ಎಂದಳು. ಅವನು ಕನ್ನಡಿಯ ಮುಂದೆ ಕಾಲರಿನ ಗುಂಡಿ ಹಾಕಿಕೊಳ್ಳುತ್ತ, ಲ್ಯಾಬಿನ ಸ್ಟೋರಿನಲ್ಲಿ ಕಾಲು ಮಡಿಸುವಷ್ಟು ಜಾಗವಿಲ್ಲ, ಪ್ಲಾಸ್ಟರ್ ಮೂಟೆಯ ಮೇಲೆ ಕೂತೇ ಮಾಡಬೇಕು, ದೇವರು ಮೊಣಕಾಲು ನೋಡುವುದಿಲ್ಲ, ಹೃದಯ ನೋಡುತ್ತಾನೆ ಎಂದು ಹೇಳಿದ. ‘ಹೃದಯ ನೋಡಿದ್ರೆ ಇನ್ನೂ ಕಷ್ಟ’ ಎಂದು ಅವಳು ಬ್ರಷ್ಷನ್ನು ಮೊಳೆಗೆ ಸಿಕ್ಕಿಸಿದಳು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಗಸು. ಊಟಕ್ಕೆ ಮುಂಚೆ ಅವನು ಕಣ್ಣು ಮುಚ್ಚಿ ಸ್ತೋತ್ರ ಹೇಳುವಾಗ ಎಡಗಣ್ಣು ಒಂದೆಳೆಯಷ್ಟು ತೆರೆದೇ ಇರುತ್ತದೆ, ಅದು ಯಾರ ತಟ್ಟೆಗೆ ಎಷ್ಟು ಬಿತ್ತು ಎಂದು ನೋಡುತ್ತದೆ ಎಂಬುದನ್ನು ಮದುವೆಯಾದ ವಾರದಲ್ಲೇ ಕಂಡುಹಿಡಿದವಳು. ಅವಳ ಮುಂದೆ ಹೆಚ್ಚು ಮಾತಾಡದೆ ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತ ಕೂಡಲೇ ಕೈ ತಾನಾಗಿ ಫೋನು ತೆಗೆಯಿತು. ಬಣ್ಣಬಣ್ಣದ ಹಣ್ಣುಗಳನ್ನು ಮೂರು ಮೂರಾಗಿ ಸಾಲು ಕೂಡಿಸಿ ಒಡೆಯುವ ಆಟ. ಮಕ್ಕಳ ಆಟ ಎಂದು ಮಕ್ಕಳೇ ಬಿಟ್ಟುಬಿಟ್ಟಿದ್ದರು. ಅದರಲ್ಲಿ ಮನುಷ್ಯನಿಗೆ ಐದು ಜೀವ. ಐದೂ ಹೋದರೆ ಎರಡೂವರೆ ಗಂಟೆ ಕಾಯಬೇಕು, ಆಮೇಲೆ ಐದೂ ಮತ್ತೆ ತುಂಬುತ್ತವೆ, ಟಿಣ್ ಟಿಣಿಣ್ ಎಂದು ಗಂಟೆ ಬಾರಿಸಿ ಫೋನೇ ಕರೆಯುತ್ತದೆ. ಎಂಟೂವರೆಗೆ, ಬಸ್ಸು ಸೇತುವೆ ದಾಟುವಾಗ, ಅವನ ಕೊನೆಯ ಜೀವ ಹೋಗುತ್ತದೆ. ಹನ್ನೊಂದಕ್ಕೆ ಸರಿಯಾಗಿ ಐದೂ ಬರುತ್ತವೆ. ಪವಿತ್ರವಾದ ಆ ಹನ್ನೊಂದು ಗಂಟೆಯ ಹುಟ್ಟು ಇಷ್ಟೇ. ಹಲ್ಲಿನ ಸೆಟ್ಟು ಮಾಡುವ ಆ ಲ್ಯಾಬಿನಲ್ಲಿ ಎರಡು ವರ್ಷದಿಂದ ಅವನು ಹನ್ನೊಂದಕ್ಕೆ ಎದ್ದು ಹಿಂದಿನ ಸ್ಟೋರಿಗೆ ಹೋಗುತ್ತಿದ್ದ, ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಹಣ್ಣು ಒಡೆಯುತ್ತಿದ್ದ, ಬರುತ್ತಿದ್ದ. ಯಾರಿಗೂ ಯಾವ ತೊಂದರೆಯೂ ಇರಲಿಲ್ಲ.

ಮುಂದಿನ ಟೇಬಲ್ಲಿನಲ್ಲಿ ಕೂತು ಡಾಕ್ಟರುಗಳ ಫೋನು ತೆಗೆದುಕೊಳ್ಳುವ ಹೆಂಗಸು ಒಂದು ದಿನ ತಾನಾಗಿಯೇ ಕೇಳಿದ್ದಳು: ‘ಅಣ್ಣಾ, ಹನ್ನೊಂದಕ್ಕೆ ಒಳಗೆ ಹೋಗ್ತೀರಲ್ಲ, ಪ್ರಾರ್ಥನೆಗಾ?’ ಅವನು ಹೌದು ಎನ್ನಲಿಲ್ಲ. ಆ ಮಟ್ಟಿಗೆ ಅವನ ಕೈ ಶುದ್ಧ. ‘ಅಯ್ಯೋ, ಹಾಗೇನಿಲ್ಲಮ್ಮಾ’ ಎಂದು ತಲೆ ತಗ್ಗಿಸಿ ನಕ್ಕಿದ್ದ. ಆ ನಗು ಎಷ್ಟು ಹದವಾಗಿ ಬಂದಿತ್ತೆಂದರೆ ಸಂಜೆಯೊಳಗೆ ಲ್ಯಾಬಿಗೆಲ್ಲ ವಿಷಯ ತಿಳಿದು, ಮೊದಲು ಗೇಲಿಗೆ ಪಾದ್ರಿ ಎನ್ನುತ್ತಿದ್ದವರು ಮರುದಿನದಿಂದ ಗೌರವದಿಂದ ಪಾದ್ರಿ ಎನ್ನತೊಡಗಿದರು. ಪಾಲಿಶ್ ಮಾಡುವವನು ಹನ್ನೊಂದಕ್ಕೆ ತನ್ನ ಮೋಟರು ನಿಲ್ಲಿಸಿದ. ಮಾಲೀಕ, ಎರಡು ನಿಮಿಷ ತಡವಾಗಿ ಬಂದರೆ ಗೋಡೆಯ ಗಡಿಯಾರವನ್ನೇ ದಿಟ್ಟಿಸುವ ಮನುಷ್ಯ, ‘ನಮಗೂ ಸ್ವಲ್ಪ ಕೇಳ್ಕೊಳ್ಳಿ’ ಎಂದ. ಆಮೇಲೆ ಆ ಫೋನಿನ ಹೆಂಗಸಿನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತಲೆಯೊಳಗೆ ರಕ್ತ ಕಟ್ಟಿ ಆಸ್ಪತ್ರೆ ಸೇರಿದಾಗ, ಅವಳು ಅವನ ಬೆಂಚಿನ ಪಕ್ಕ ನಿಂತು ಹೇಳಿದಳು: ‘ನಮಗೆ ದೇವರು ಗೀವರು ರೂಢಿಯಿಲ್ಲ ಅಣ್ಣಾ, ಹೇಗೆ ಮಾತಾಡಿಸ್ಬೇಕೋ ಗೊತ್ತಿಲ್ಲ. ನೀವು ಒಳಗೆ ಹನ್ನೊಂದಕ್ಕೆ ಮಾಡಿ, ಅದೇ ಹೊತ್ತಿಗೆ ನಾನು ಇಲ್ಲಿ ಕೂತ್ಕೋತೀನಿ. ಇಬ್ಬರಾದ್ರೆ ಒಂದು ಬಲ.’ ಖಂಡಿತ ಮಾಡ್ತೀನಿ ಎಂದ. ಅದು ಅವನು ಎಲ್ಲರಿಗೂ ಹೇಳುವ ಮಾತು. ಕೆಮ್ಮಿದವರಿಗೂ, ಕೆಲಸ ಹೋದವರಿಗೂ, ಮಗಳಿಗೆ ಗಂಡು ಸಿಗದವರಿಗೂ. ಬೇರೆಯವರು ‘ಹುಷಾರಾಗಿ ಹೋಗಿ ಬನ್ನಿ’ ಅನ್ನುವುದಿಲ್ಲವೇ, ಹಾಗೆ.

ಇಪ್ಪತ್ತನೇ ದಿನ ಅವಳಮ್ಮ ಕಣ್ಣು ಬಿಟ್ಟಳು. ಮುದುಕಿಗಾದರೂ ಇಂಥ ಎಡವಟ್ಟು ಯಾಕೆ ಬೇಕಿತ್ತೋ. ಮಗಳು ಲ್ಯಾಬಿಗೆ ಓಡಿಬಂದು ಎಲ್ಲರೆದುರಿಗೆ ಅವನ ಕೈ ಹಿಡಿದುಕೊಂಡು ಅತ್ತಳು. ಅವನ ಕೈಗೆ ಮೇಣ ಮೆತ್ತಿತ್ತು, ಬಿಡಿಸಿಕೊಳ್ಳಲೂ ಆಗದೆ ನಿಂತಿದ್ದ. ‘ನಂದೇನಿದೆ, ಎಲ್ಲಾ ಮೇಲಿನವನದು’ ಎಂದ. ನಿಜ ಹೇಳಿದರೂ ಸುಳ್ಳಾಗುವ ಜಾಗಕ್ಕೆ ಅವನು ಬಂದು ಮುಟ್ಟಿದ್ದ. ಆ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಪಾಸ್ಟರ ಕಿವಿಗೆ, ಬಾಯಿ ತಪ್ಪಿದವನಂತೆ, ವಿಷಯ ಹಾಕಿದ. ಪಾಸ್ಟರು ಅಲ್ಲೇ, ಬರುವ ತಿಂಗಳ ಮೊದಲ ಭಾನುವಾರ ದೇವರು ನಿಮ್ಮ ಪ್ರಾರ್ಥನೆ ಕೇಳಿದ್ದಕ್ಕೆ ನೀವು ಸಭೆಯ ಮುಂದೆ ಸಾಕ್ಷಿ ಹೇಳಬೇಕು ಎಂದರು. ಆ ಭಾನುವಾರಕ್ಕೆ ಈಗ ನಾಲ್ಕು ದಿನ ಉಳಿದಿತ್ತು. ಸಾಕ್ಷಿಯನ್ನು ಬರೆದೂ ಇಟ್ಟಿದ್ದ. ಅದರಲ್ಲಿ ‘ಕಣ್ಣೀರಿನಿಂದ ಮೂಟೆ ತೋಯ್ದಿತು’ ಎಂಬ ವಾಕ್ಯವಿತ್ತು. ತೋಯ್ದ ಪ್ಲಾಸ್ಟರು ಕಲ್ಲಾಗುತ್ತದೆ ಎಂದು ಹೊಳೆದು ಆ ವಾಕ್ಯ ಹೊಡೆದುಹಾಕಿದ್ದ.

ಇವತ್ತು ಲ್ಯಾಬಿನ ಬಾಗಿಲು ತಳ್ಳಿದ ಕೂಡಲೇ ಮುಂದಿನ ಟೇಬಲ್ಲಿನಿಂದ ಅವಳು ಎದ್ದು ನಿಂತಳು. ಕಣ್ಣ ಕೆಳಗೆ ಕಪ್ಪಾಗಿತ್ತು. ‘ಅಣ್ಣಾ, ರಾತ್ರಿಯಿಂದ ಅಮ್ಮ ಮತ್ತೆ ಮಾತಿಗೆ ಸಿಗ್ತಿಲ್ಲ. ಇವತ್ತು ಹನ್ನೊಂದಕ್ಕೆ ಸ್ಕ್ಯಾನ್. ಮತ್ತೆ ರಕ್ತ ಕಟ್ಟಿದ್ರೆ ಇನ್ನೊಂದು ಸಲ ತಲೆ ಬಿಚ್ಚೋ ಹಾಗಿಲ್ಲ ಅಂದ್ರು ಡಾಕ್ಟ್ರು. ಒಳಗೆ ನಮ್ಮನ್ನ ಬಿಡಲ್ಲ, ಅಕ್ಕ ಅಲ್ಲಿದ್ದಾಳೆ. ಇವತ್ತು ನಿಮ್ಮ ಜೊತೆ ನಾನೂ ಸ್ಟೋರಿಗೆ ಬರ್ಲಾ?’ ಅವನು ‘ಅಲ್ಲಿ ಧೂಳಮ್ಮಾ’ ಎಂದ. ‘ಇರ್ಲಿ’ ಎಂದಳು. ‘ಉಸಿರು ಕಟ್ಟುತ್ತೆ.’ ‘ಹತ್ತು ನಿಮಿಷ ತಾನೇ ಅಣ್ಣಾ.’ ಇನ್ನೇನು ಹೇಳುವುದು. ಬಾ ಎಂದ.

ಬೆಂಚಿನ ಮೇಲೆ ನಿವೃತ್ತ ಮೇಷ್ಟರೊಬ್ಬರ ಮೇಲ್ದವಡೆಯ ಹಲ್ಲಿನ ಸೆಟ್ಟು ಮೇಣದಲ್ಲಿ ಅರ್ಧ ಕೂತಿತ್ತು. ಒಂದೊಂದೇ ಹಲ್ಲನ್ನು ಬೆಚ್ಚಗಿನ ಮೇಣಕ್ಕೆ ಒತ್ತುತ್ತ ಅವನು ಮನಸ್ಸಿನಲ್ಲಿ ವಾಕ್ಯ ಹೊಂದಿಸತೊಡಗಿದ. ಪರಲೋಕದಲ್ಲಿರುವ ಕರುಣೆಯುಳ್ಳ ತಂದೆಯೇ. ಸರಿ, ಆಮೇಲೆ? ಆಮೇಲೆ ಪಾಸ್ಟರ ಧ್ವನಿ ಬರುತ್ತಿತ್ತು, ಅವರು ‘ಈ ಘಳಿಗೆಯಲ್ಲಿ’ ಎನ್ನುವಾಗ ಎಳೆಯುವ ರಾಗ ಬರುತ್ತಿತ್ತು, ತಾನು ಬರುತ್ತಿರಲಿಲ್ಲ. ಹನ್ನೆರಡು ವರ್ಷದವನಿದ್ದಾಗ ಭಾನುವಾರದ ಶಾಲೆಯಲ್ಲಿ ಅತಿ ಉದ್ದದ ಪ್ರಾರ್ಥನೆಗೆ ಅವನಿಗೆ ಬಹುಮಾನ ಬಂದಿತ್ತು, ಮುಚ್ಚಳವಿರುವ ಸೋಪಿನ ಡಬ್ಬಿ. ಜಗತ್ತಿನ ಎಲ್ಲ ಅನಾಥರನ್ನೂ ಖೈದಿಗಳನ್ನೂ ಸಮುದ್ರದಲ್ಲಿರುವವರನ್ನೂ ಸೇರಿಸಿಕೊಂಡು ಹದಿನಾಲ್ಕು ನಿಮಿಷ ಎಳೆದಿದ್ದ. ಅವನ ನಂತರ ಎದ್ದ ಹುಡುಗಿ ‘ನಮ್ಮ ಬೆಕ್ಕಿಗೆ ವಾಂತಿ, ನಿಲ್ಲಿಸಪ್ಪಾ’ ಎಂದಷ್ಟೇ ಹೇಳಿ ಕೂತುಬಿಟ್ಟಿದ್ದಳು, ಎಲ್ಲರೂ ನಕ್ಕಿದ್ದರು. ಯಾವಾಗಿನಿಂದ ತಾನು ಪ್ರಾರ್ಥನೆ ಬಿಟ್ಟೆ ಎಂದು ಯೋಚಿಸಿದರೆ ದಿನಾಂಕವೇ ಸಿಗುತ್ತಿರಲಿಲ್ಲ. ದೊಡ್ಡ ಸಾವು ನೋಡಿ ದೇವರ ಮೇಲೆ ಸಿಟ್ಟಾಗಿ ಬಿಟ್ಟಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ನಾಸ್ತಿಕನಾಗುವಷ್ಟು ಓದಿದವನೂ ಅಲ್ಲ. ಮನೆಯ ಮೂಲೆಯಲ್ಲಿದ್ದ ಹಳೇ ಫೋನನ್ನು ಯಾರೂ ಎತ್ತದೆ ಎತ್ತದೆ ಒಂದು ದಿನ ಅದರ ತಂತಿಯೇ ಸತ್ತಿದ್ದಂತೆ, ಇದೂ. ಸತ್ತದ್ದು ಗೊತ್ತಾದಾಗ ದುಃಖವೂ ಆಗಲಿಲ್ಲ. ಅದು ಈಗ, ಮೇಷ್ಟರ ಕೋರೆಹಲ್ಲು ಕೈಯಲ್ಲಿ ಹಿಡಿದು ಕೂತಾಗ, ನಾಚಿಕೆ ಎನ್ನಿಸಿತು.

‘ಪಾದ್ರಿಗಳೇ, ಕೋರೆ ಉಲ್ಟಾ ಕೂರಿಸಿದ್ದೀರಿ’ ಎಂದ ಪಾಲಿಶ್‌ನವನು. ನೋಡಿದರೆ ಹೌದು. ‘ಮೇಷ್ಟ್ರು ಬಂದು ಇದರಲ್ಲಿ ದಾರ ಕಚ್ಚೋಕಾಗಲ್ಲ ಅಂದ್ರೆ ಏನ್ಮಾಡ್ತೀರಿ?’ ಎಂದು ಅವನು ನಕ್ಕ, ಇವನೂ ಅಭ್ಯಾಸಬಲದಿಂದ ನಕ್ಕ. ದಾರದ ಸೆಟ್ಟು ಆ ಲ್ಯಾಬಿನ ಹಳೇ ತಮಾಷೆ. ಹೋದ ವರ್ಷ ಯಾರೋ ಬಟ್ಟೆ ಹೊಲಿಯುವ ಮುದುಕಿಯ ಸೆಟ್ಟು ಮೂರು ಸಲ ವಾಪಸ್ಸು ಬಂದಿತ್ತು: ಊಟಕ್ಕೆ ಸರಿಹೋಗುತ್ತೆ, ನಗೋಕೂ ಸರಿ, ಆದರೆ ಹೊಲಿದಾದ ಮೇಲೆ ದಾರ ಕಚ್ಚಿ ತುಂಡು ಮಾಡೋಕಾಗಲ್ಲ. ‘ಕತ್ತರಿ ಕೊಡ್ಸೋಕೆ ಹೇಳಿ ಅಜ್ಜಿಗೆ, ನಾವು ಹಲ್ಲು ಮಾಡೋರು’ ಎಂದು ಇವನೇ ಎಲ್ಲರಿಗೂ ಕೇಳುವಂತೆ ಹೇಳಿದ್ದ. ಲ್ಯಾಬೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಆದರೂ ಮೂರನೇ ಸಲ, ಎಲ್ಲರೂ ಮನೆಗೆ ಹೋದ ಮೇಲೆ ಕೂತು, ಮುಂದಿನ ಎರಡು ಹಲ್ಲಿನ ತುದಿಯನ್ನು ಅರೆದು ಅರೆದು, ತನ್ನ ಶರ್ಟಿನಿಂದ ಕಿತ್ತ ದಾರವನ್ನು ಅವುಗಳ ನಡುವೆ ಹಿಡಿದು ತುಂಡಾಗುವತನಕ ಬಿಟ್ಟಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ತಮಾಷೆ ಕೆಡುತ್ತಿತ್ತು.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಮೋಟರು ನಿಂತಿತು. ಅವನು ಮುಂದೆ, ಅವಳು ಹಿಂದೆ. ಸ್ಟೋರಿನಲ್ಲಿ ಆರು ಮೂಟೆ ಪ್ಲಾಸ್ಟರು, ಮೇಣದ ಡಬ್ಬಿಗಳು, ಒಂದು ಕಾಲಿಲ್ಲದ ಸ್ಟೂಲು, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಹಳೆಯ ಗಿರಾಕಿಗಳ ಬಾಯಿಯ ಅಚ್ಚುಗಳು, ಹಲ್ಲಿಲ್ಲದ ಬಿಳಿ ಬಾಯಿಗಳು ಸಾಲಾಗಿ ತೆರೆದುಕೊಂಡಿದ್ದವು. ಕಿಟಕಿಯ ಪಕ್ಕದ ಮೂಟೆಯ ಮೇಲೆ ಎರಡು ವರ್ಷ ಕೂತು ಕೂತು ಆಗಿದ್ದ ಗುಳಿ. ಅವಳು ಅದನ್ನು ನೋಡಿ, ‘ಇಲ್ಲೇ ಅಲ್ವಾ ನೀವು ಕೂರೋದು?’ ಎಂದು ಗುಳಿಯನ್ನು ಮೆಲ್ಲಗೆ ಮುಟ್ಟಿದಳು, ಪಕ್ಕದ ಮೂಟೆಯ ಮೇಲೆ ಕೂತಳು, ಕಣ್ಣು ಮುಚ್ಚಿದಳು. ‘ಶುರು ಮಾಡಿ ಅಣ್ಣಾ.’ ಅವನು ಕೆಮ್ಮಿದ. ‘ಪರಲೋಕದಲ್ಲಿರುವ...’ ಎಂದ. ಗಂಟಲಿನಿಂದ ಹೊರಟದ್ದು ಪಾಸ್ಟರ ದನಿಯೇ. ನಿಲ್ಲಿಸಿ ಇನ್ನೊಮ್ಮೆ ಕೆಮ್ಮಿದ. ಅಷ್ಟರಲ್ಲಿ ಅವನ ಜೇಬಿನಿಂದ ಟಿಣ್ ಟಿಣಿಣ್ ಎಂದಿತು.

ಅವಳ ಮುಖ ಅರಳಿತು. ಕಣ್ಣು ಬಿಟ್ಟು, ‘ಇದೇ! ಇದೇ ಅಲ್ವಾ ಅಣ್ಣಾ? ದಿನಾ ಗೋಡೆ ಆಚೆಯಿಂದ ಕೇಳ್ತಿತ್ತು. ಇದು ಕೇಳಿದ ಕೂಡ್ಲೇ ನಾನು ರಿಸೀವರ್ ಎತ್ತಿ ಪಕ್ಕಕ್ಕಿಟ್ಟು ಕಣ್ಣು ಮುಚ್ತಿದ್ದೆ, ನೀವು ಶುರು ಮಾಡಿದ್ರಿ ಅಂತ’ ಎಂದಳು. ಹೂಂ ಎಂದರೆ ಸಾಕಿತ್ತು. ಅವನ ಬದುಕಿನಲ್ಲಿ ಎಲ್ಲ ಬಾಗಿಲುಗಳೂ ಹೀಗೆ ಒಂದು ಹೂಂ ಎನ್ನುವಷ್ಟು ಹಗುರವಾಗಿಯೇ ತೆರೆದಿದ್ದವು. ‘ಹೂಂ’ ಎಂದ. ಅವಳು ಬ್ಲೌಸಿನೊಳಗಿಂದ ತನ್ನ ಫೋನು ತೆಗೆದಳು. ‘ಹಾಗಾದ್ರೆ ನನಗೂ ಹಾಕಿಕೊಡಿ. ಸಂಜೆ ಹೋಗಿ ಅಮ್ಮನ ದಿಂಬಿನ ಹತ್ರ ಇಟ್ಟು ಬರ್ತೀನಿ. ನಾವಿಲ್ಲದಿದ್ರೂ ಹನ್ನೊಂದಕ್ಕೆ ಅಮ್ಮಂಗೆ ಕೇಳಿಸಲಿ.’

ಆ ದಿಂಬು ಅವನ ಕಣ್ಣಿಗೆ ಕಟ್ಟಿತು. ಬೋಳಿಸಿದ ತಲೆಯ ಪಕ್ಕದಲ್ಲಿ ಹಣ್ಣು ಒಡೆಯುವ ಆಟ ಟಿಣ್ ಟಿಣಿಣ್ ಎನ್ನುತ್ತಿತ್ತು. ಆಗದು ಎನ್ನಿಸಿತು. ಒಳ್ಳೆಯತನದಿಂದ ಅಲ್ಲ, ಹೇಸಿಗೆಯಿಂದ. ಫೋನು ತೆಗೆದು ಅವಳ ಕೈಗೆ ಕೊಟ್ಟ. ಅವಳು ಪರದೆಯ ಮೇಲಿದ್ದದ್ದನ್ನು ಶಾಲೆಯ ಮಗುವಿನಂತೆ ಜೋರಾಗಿ ಓದಿದಳು: ‘ನಿಮ್ಮ ಐದೂ ಜೀವಗಳು ತುಂಬಿವೆ. ಬನ್ನಿ, ಆಡೋಣ.’ ಮತ್ತೆ ಓದಿದಳು, ಈ ಸಲ ದನಿಯಿಲ್ಲದೆ. ‘ನಾನು ಇಲ್ಲಿ ಬಂದು ಇದನ್ನೇ ಆಡ್ತಿದ್ದೆ ಕಣಮ್ಮಾ. ಒಂದು ದಿನಾನೂ ನಿಮ್ಮಮ್ಮಂಗೆ ಪ್ರಾರ್ಥನೆ ಮಾಡಿಲ್ಲ’ ಎಂದ.

ಬೈಯುತ್ತಾಳೆ ಎಂದುಕೊಂಡ. ಬೈದರೆ ಎಷ್ಟೋ ವಾಸಿಯಿತ್ತು. ಅವಳು ಫೋನನ್ನೇ ನೋಡುತ್ತ, ‘ಹಾಗಾದ್ರೆ ಆರು ವಾರ... ನಾನೊಬ್ಬಳೇನಾ?’ ಎಂದಳು.

ಅವನ ಕಣ್ಣು ತುಂಬಿತು. ‘ನಾನು ಪಾಪಿ ಕಣಮ್ಮಾ, ದೊಡ್ಡ ಪಾಪಿ’ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. ನೀರು ನಿಜವಾದದ್ದೇ. ಆದರೆ ಬಂತಲ್ಲ ಎಂದು ಒಳಗೊಬ್ಬ ಸಮಾಧಾನಪಟ್ಟದ್ದೂ, ಭಾನುವಾರ ಇದನ್ನೇ ಹೇಳಬಹುದು ಎಂದು ಲೆಕ್ಕ ಹಾಕಿದ್ದೂ ನಿಜವೇ. ಅವಳು ಅವನ ಮುಖ ನೋಡಿದಳು. ‘ಅಳೋದೆಲ್ಲಾ ಆಮೇಲೆ ಇಟ್ಕೊಳ್ಳಿ. ಈಗ ಹನ್ನೊಂದಾಗಿ ನಾಲ್ಕು ನಿಮಿಷ. ಅಮ್ಮನ್ನ ಒಳಗೆ ಕರ್ಕೊಂಡು ಹೋಗಿರ್ತಾರೆ. ಕೂತ್ಕೊಳ್ಳಿ.’ ಅವನು ಮೂಟೆಯ ಗುಳಿಯ ಕಡೆ ಬಗ್ಗಿದ. ‘ಅಲ್ಲಲ್ಲ. ಮೊಣಕಾಲ ಮೇಲೆ.’

ನೆಲದ ಮೇಲೆ ಚೆಲ್ಲಿದ ಪ್ಲಾಸ್ಟರಿನ ಹರಳುಗಳಿದ್ದವು. ಐವತ್ತೊಂದು ವರ್ಷದ ಮೊಣಕಾಲುಗಳು ಒಂದಾದ ಮೇಲೊಂದು ಲಟಕ್ಕೆಂದವು. ಬಾಯಿ ತೆರೆಯುವಷ್ಟರಲ್ಲಿ ಅವಳು, ‘ಜೋರಾಗಿ ಬೇಡ. ನನಗೆ ಕೇಳಿಸೋ ಹಾಗೆ ಹೇಳಿದ್ರೆ ಮತ್ತೆ ನನಗೋಸ್ಕರಾನೇ ಹೇಳ್ತೀರಿ’ ಎಂದು ಬಾಗಿಲಿಗೆ ಒರಗಿ ನಿಂತು ಕಣ್ಣು ಮುಚ್ಚಿದಳು. ಅವನೂ ಮುಚ್ಚಿದ. ಒಳಗೆ ಏನೂ ಇರಲಿಲ್ಲ. ಮೊಣಕಾಲು ನೋವು ಮಾತ್ರ ಇತ್ತು, ಅದು ಮಾತ್ರ ಅವನದೇ ಆಗಿತ್ತು. ಎಡಗಣ್ಣು ಹಳೇ ಚಾಳಿಯಂತೆ ಒಂದೆಳೆ ತೆರೆಯಿತು. ‘ಮುಚ್ಚಿ’ ಎಂದಳು, ತನ್ನ ಕಣ್ಣು ತೆರೆಯದೆಯೇ. ಮುಚ್ಚಿದ. ಯಾರಿಗೋಸ್ಕರ ಎಂದು ಒಂದು ಮುಖ ಬೇಕಲ್ಲ, ಅವನಿಗೆ ಆ ಮುದುಕಿಯ ಮುಖ ಗೊತ್ತಿರಲಿಲ್ಲ. ಆರು ವಾರ ಕೇಳಿಯೂ ಇರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, ‘ಅಮ್ಮ ನೋಡೋಕೆ ಹೇಗಿದ್ರು?’ ಎಂದ. ‘ಇದ್ರು ಅಲ್ಲ, ಇದ್ದಾರೆ’ ಎಂದಳು ಅವಳು. ‘ನಿಮಗೆ ಗೊತ್ತು ಅವರು. ನಿಮ್ಮ ಎದುರಿಗೇ ಇದ್ದಾರೆ. ಮೂರನೇ ಹಲಗೆ, ಕೊನೇದು. ಆ ದಾರದ ಸೆಟ್ಟು ನಮ್ಮಮ್ಮಂದೇ. ಎಲ್ಲಾರೂ ನಗ್ತಿದ್ರಲ್ಲ, ಅದಕ್ಕೇ ಹೇಳ್ಲಿಲ್ಲ’ ಎಂದಳು.

ಅವನು ಕಣ್ಣು ತೆರೆಯಲಿಲ್ಲ. ತೆರೆಯುವುದು ಬೇಕಿರಲಿಲ್ಲ. ಆ ಬಾಯಿ ಅವನ ಬೆರಳಿಗೆ ಗೊತ್ತಿತ್ತು: ಕಿರಿದಾದ ಅಂಗುಳ, ಎಡಗಡೆ ಸವೆದ ದವಡೆ, ಹಲ್ಲಿದ್ದ ಕಾಲದಲ್ಲಿ ಸಾವಿರಾರು ದಾರ ಕಚ್ಚಿ ಕಚ್ಚಿ ಮುಂದಕ್ಕೆ ಚಾಚಿದ ವಸಡು. ದಿನಾ ಹತ್ತು ನಿಮಿಷ ಅದರ ಮುಂದೆಯೇ ಕೂತು ಹಣ್ಣು ಒಡೆದಿದ್ದ. ಈಗ ಆ ಸೆಟ್ಟನ್ನು ಆಸ್ಪತ್ರೆಯವರು ಬಿಚ್ಚಿ ಯಾವುದೋ ಡಬ್ಬಿಯಲ್ಲಿ ನೀರು ಹಾಕಿ ಇಟ್ಟಿರುತ್ತಾರೆ. ಮುದುಕಿ ಬರೀ ಬಾಯಲ್ಲಿ ಆ ಯಂತ್ರದೊಳಗೆ ಹೋಗಿರುತ್ತಾಳೆ. ಅಪ್ಪಾ, ಎಂದ ಒಳಗೆ. ಪಾಸ್ಟರ ದನಿ ಬರಲಿಲ್ಲ. ಆಯಮ್ಮ ಇನ್ನೊಂದು ಸಲ ದಾರ ಕಚ್ಚಲಿ. ಅಷ್ಟೇ. ನಾನು ನಕ್ಕಿದ್ದು ತಪ್ಪು. ನನ್ನ ಮಾತಿಗೆ ಬೆಲೆ ಬೇಡ, ಇವಳು ಆರು ವಾರ ಒಬ್ಬಳೇ ಕೂತಿದ್ದಾಳೆ, ಇವಳದನ್ನ ಕೇಳು. ಮೊಣಕಾಲು ಬಹಳ ನೋಯ್ತಿದೆ. ಆಯಮ್ಮ ದಾರ ಕಚ್ಚಲಿ. ಇದನ್ನೇ ಎಷ್ಟು ಸಲ ಹೇಳಿದನೋ, ಬೇರೆ ಏನೂ ಸಿಗಲಿಲ್ಲ. ಸೋಪಿನ ಡಬ್ಬಿ ಕೊಡುವಂಥ ಪ್ರಾರ್ಥನೆಯಾಗಿರಲಿಲ್ಲ.

ಹೊರಗೆ ಫೋನು ಹೊಡೆದುಕೊಂಡಿತು. ಇವತ್ತು ಅವಳು ರಿಸೀವರ್ ಪಕ್ಕಕ್ಕಿಟ್ಟಿರಲಿಲ್ಲ. ಓಡಿದಳು. ಅವನು ಏಳಲೂ ಆಗದೆ ಹಾಗೇ ಕೇಳಿಸಿಕೊಂಡ. ಯಾವುದೋ ಡಾಕ್ಟರು, ಮೇಷ್ಟರ ಸೆಟ್ಟು ಯಾವಾಗ ಎಂದು ಕೇಳುತ್ತಿದ್ದ. ಆಮೇಲೆ ಇನ್ನೊಂದು ಸಲ ಹೊಡೆದುಕೊಂಡಿತು. ಅವಳು ತಿರುಗಿ ಬಂದು ಬಾಗಿಲಲ್ಲಿ ನಿಂತಳು. ‘ಅಕ್ಕ. ಮೆಷಿನ್ ಕೆಟ್ಟಿದೆಯಂತೆ, ಸ್ಕ್ಯಾನ್ ನಾಳೆಗೆ ಹಾಕಿದ್ದಾರೆ. ನಾಳೆ ಹನ್ನೊಂದಕ್ಕೇ.’ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕ್ಷಮಿಸಿದ ಮುಖವಲ್ಲ ಅದು. ‘ನಾಳೇನೂ ಬರ್ತೀನಿ. ಒಳಗೆ ಬರೋ ಮುಂಚೆ ಫೋನು ನನ್ನ ಟೇಬಲ್ ಮೇಲೆ ಇಟ್ಟು ಬನ್ನಿ’ ಎಂದು ಹೋದಳು. ಪಾಲಿಶ್‌ನವನು ಮೋಟರು ಹಾಕಿದ.

ಊಟದ ಹೊತ್ತಿನಲ್ಲಿ ಮೆಟ್ಟಿಲ ಕೆಳಗೆ ನಿಂತು ಪಾಸ್ಟರಿಗೆ ಫೋನು ಮಾಡಿದ. ಭಾನುವಾರ ಸಾಕ್ಷಿ ಹೇಳಲಾರೆ, ನಾನು ಆ ತಾಯಿಗೆ ಪ್ರಾರ್ಥನೆಯನ್ನೇ ಮಾಡಿರಲಿಲ್ಲ ಎಂದ. ಆ ಕಡೆಯಿಂದ ಏನೋ ಅಗಿಯುವ ಸದ್ದು ನಿಂತಿತು. ‘ಬ್ರದರ್, ಎಂಥ ಮಾತು ಹೇಳಿದ್ರಿ! ನಾವೆಲ್ಲಿ ಮಾಡ್ತೀವಿ, ನಮ್ಮೊಳಗೆ ಆತನೇ ಮಾಡೋದು. ಈ ವಿನಯ ಇದೆಯಲ್ಲ, ಇದೇ ಇವತ್ತು ಸಭೆಗೆ ಬೇಕಾಗಿರೋದು.’ ‘ಪಾಸ್ಟರ್, ವಿನಯ ಅಲ್ಲ, ನಾನು ಆಟ ಆಡ್ತಿದ್ದೆ.’ ‘ನಾವೆಲ್ಲಾ ಆತನ ಮುಂದೆ ಆಡೋ ಮಕ್ಕಳೇ, ಬ್ರದರ್. ಇದನ್ನೇ ಹೇಳಿ. ಐದು ನಿಮಿಷ ಮೀರಬಾರದು, ಆಮೇಲೆ ಗಾಯನ ತಂಡ ಇದೆ.’ ಹೀಗೆ ನಿಜ ಹೇಳುವ ದಾರಿಯೂ ಮುಚ್ಚಿತು. ಅವನು ಮೇಲೆ ಹೋಗಿ ಮೇಷ್ಟರ ಕೋರೆಹಲ್ಲನ್ನು ಕಿತ್ತು ಸರಿಯಾಗಿ ಕೂರಿಸಿದ. ಸಂಜೆ ಬಸ್ಸಿನಲ್ಲಿ, ಆಡದೆ ಉಳಿದ ಜೀವಗಳನ್ನು ನೆನಪಿಸಿ ಆಟ ಎರಡು ಸಲ ಟಿಣ್ ಎಂದು ಕರೆಯಿತು. ತೆಗೆಯಲಿಲ್ಲ ಎಂದೇನೂ ಅಲ್ಲ, ಎರಡನೇ ಸಲ ತೆಗೆದ, ಐದು ಜೀವವನ್ನೂ ನೋಡಿದ, ಮತ್ತೆ ಒಳಗಿಟ್ಟ.

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದವಳು ಅಲ್ಲೇ ನಿಂತು ಅವನ ಕಾಲು ನೋಡಿದಳು. ಎರಡೂ ಮೊಣಕಾಲುಗಳ ಮೇಲೆ ಬಟ್ಟಲಿನಗಲ ಬಿಳಿ, ಒಂದು ಕಡೆ ನೂಲು ಕಿತ್ತು ಬಂದಿತ್ತು. ಬೆಳಿಗ್ಗೆ ಆಡಿಕೊಂಡ ಮಾತು ಅವಳಿಗೆ ನೆನಪಾಗಲಿಲ್ಲ. ಗಾಬರಿಯಾಗಿ ಬಗ್ಗಿ ಮೊಣಕಾಲು ಮುಟ್ಟಿ, ‘ಅಯ್ಯಯ್ಯೋ, ಇದೇನ್ರೀ, ಎಲ್ಲಿ ಎಡವಿ ಬಿದ್ರಿ?’ ಎಂದಳು.

ಅವನು ಹೇಳಹೋದ. ಹೇಳಿದರೆ ಇವಳೂ ನಂಬುವುದಿಲ್ಲ ಎಂದು ಹೊಳೆಯಿತು.

‘ಸ್ಟೋರಲ್ಲಿ ಕಣೇ’ ಎಂದ. ‘ನಾಳೆಗೆ ಸ್ವಲ್ಪ ದಪ್ಪನೆ ಪ್ಯಾಂಟು ತೆಗೆದಿಡು.’